ಹಳೆಯ ಅಲ್ಯುಮಿನಿಯಂ ದೋಣಿಯ ತೂತು ಮುಚ್ಚಲು ಎಂ-ಸೀಲ್ ಸಾಕಾ, ವೆಲ್ಡಿಂಗ್ ಮಾಡಿಸಬೇಕಾ?

ಎಂಟು ವರ್ಷದ ಹಿಂದೆ ಇಲ್ಲಿ ಮಿನ್ನೆಸೋಟಾದಲ್ಲಿ ನಾನೂ ಇಂಥದ್ದೇ ದೋಣಿ ಕೊಂಡಿದ್ದೆ. 14 ಅಡಿ ಉದ್ದ, ರಿವೆಟ್ ಹೊಡೆದ ತಳ, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಹಿಂದಿನ ಮಾಲೀಕನಿಗೆ ಡ್ರಿಲ್ ಕೈಗೆ ಸಿಕ್ಕರೆ ಸುಮ್ಮನಿರಲು ಆಗುತ್ತಿರಲಿಲ್ಲ ಅಂತ ಕಾಣುತ್ತದೆ. ನೀವು ಬರೆದಿದ್ದು ನೋಡಿದರೆ ನಿಮ್ಮ ದೋಣಿಯದೂ ಅದೇ ಕಥೆ: ಫಿಶ್ ಫೈಂಡರ್ (ನೀರಿನಡಿಯ ಮೀನು ತೋರಿಸುವ ಯಂತ್ರ) ಕೂರಿಸಲು ಹಿಂಬದಿಯಲ್ಲಿ ಐದಾರು ಸ್ಕ್ರೂ ತೂತು, ತಳದಲ್ಲಿ ಸೀಟಿಗೆಂದು ಕೊರೆದ ಎರಡು, ಜೊತೆಗೆ ನಾಣ್ಯದಷ್ಟು ದೊಡ್ಡದೊಂದು.

ಎಂ-ಸೀಲ್ ಬೇಡ. ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ಆದರೆ ದೋಣಿಯ ತಳ ಒಂದೂವರೆ ಮಿಲಿಮೀಟರ್ ಆಸುಪಾಸಿನ ತಗಡು. ಅಲೆಗೆ ಬಾಗುತ್ತದೆ, ಟ್ರೇಲರ್ ಮೇಲೆ ಕುಲುಕುತ್ತದೆ. ಬರೀ ಅಂಟಿನ ಉಂಡೆ ಒಂದು ದಿನ ಪಟ್ಟಂತ ಉದುರುತ್ತದೆ. ನಾನು ಇದಕ್ಕಿಂತ ದಡ್ಡ ಕೆಲಸ ಮಾಡಿದ್ದೆ. ಬಚ್ಚಲಿಗೆ ಹಾಕುವ ಸಿಲಿಕೋನ್ ಮೆತ್ತಿದ್ದೆ. ಎರಡನೇ ವಾರಕ್ಕೆ ಅದು ದೋಸೆ ಏಳುವ ಹಾಗೆ ಎದ್ದು ಬಂತು. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ ಕೂಡ. ಅದರ ಜಿಡ್ಡು ಉಳಿದ ಕಡೆ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ. ಅದನ್ನು ಕೆರೆದು ತೆಗೆಯುವುದರಲ್ಲೇ ಒಂದು ಶನಿವಾರ ಹೋಯಿತು.

ವೆಲ್ಡಿಂಗ್ ಕೂಡ ಬೇಡ, ಕನಿಷ್ಠ ರಿವೆಟ್ ಹೊಡೆದ ಹಳೆಯ ದೋಣಿಗೆ. ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಪೊರೆ ಬಿಡುವಷ್ಟರಲ್ಲಿ ಅಡಿಯ ತಗಡು ಜಾರಿ ತೂತು ಇನ್ನೂ ದೊಡ್ಡದಾಗುತ್ತದೆ. ನುರಿತವರು ಟಿಗ್ ಯಂತ್ರದಲ್ಲಿ (ತೆಳು ಲೋಹಕ್ಕೂ ಆಗುವ ನಾಜೂಕಿನ ವಿದ್ಯುತ್ ವೆಲ್ಡಿಂಗ್) ಮಾಡುತ್ತಾರೆ, ನಿಜ. ಆದರೆ ಬಿಸಿಗೆ ತಗಡು ಸೊಟ್ಟಗಾಗಿ ಪಕ್ಕದ ರಿವೆಟ್‌ಗಳು ಸಡಿಲವಾಗುತ್ತವೆ. ಸೀಟಿನ ಕೆಳಗೆ ದೋಣಿ ತೇಲಲೆಂದು ತುಂಬಿದ ಫೋಮ್ ಇರುತ್ತದೆ, ಅದಕ್ಕೆ ಕಿಡಿ ತಾಗಿದರೆ ವಿಷದ ಹೊಗೆ. ಗ್ಯಾಸ್ ಟಾರ್ಚಿನಲ್ಲಿ ಕರಗಿಸುವ ಕಡ್ಡಿಗಳ ವಿಡಿಯೋ ನೀವೂ ನೋಡಿರುತ್ತೀರಿ. ಸೋಡಾ ಕ್ಯಾನಿನ ಮೇಲೆ ಚೆಂದ ಕಾಣುತ್ತದೆ. ದೋಣಿಯಲ್ಲಿ ಅಷ್ಟಗಲದ ತಗಡು ಶಾಖವನ್ನೆಲ್ಲ ಎಳೆದುಕೊಂಡುಬಿಡುತ್ತದೆ.

ಚಿಕ್ಕವನಿದ್ದಾಗ ನಮ್ಮ ಬೀದಿಗೆ ಪಾತ್ರೆ ರಿಪೇರಿಯವನು ಬರುತ್ತಿದ್ದ. ತೂತಾದ ಕೊಡದ ತಳಕ್ಕೆ ಒಂದು ಚೂರು ತಗಡು, ಒಂದು ರಿವೆಟ್, ಸುತ್ತಿಗೆಯ ನಾಲ್ಕು ಏಟು. ಮುಗಿಯಿತು. ದೋಣಿಗೂ ಅದೇ ವಿದ್ಯೆ, ನಡುವೆ ನೀರು ತಡೆಯುವ ಒಂದು ಒಳ್ಳೆಯ ಅಂಟು, ಅಂದರೆ ಸೀಲೆಂಟ್, ಜಾಸ್ತಿ ಅಷ್ಟೇ.

ತಳದ ಎರಡು ಸಣ್ಣ ತೂತಿಗೆ ಕ್ಲೋಸ್ಡ್ ಎಂಡ್ ಪಾಪ್ ರಿವೆಟ್ ತನ್ನಿ, ಅಂದರೆ ರಿವೆಟ್ ಗನ್ನಿನಿಂದ ಕಡ್ಡಿ ಎಳೆದು ಕೂರಿಸುವ, ತುದಿ ಮುಚ್ಚಿದ ರಿವೆಟ್. ಮಾಮೂಲಿ ಪಾಪ್ ರಿವೆಟ್ಟಿನ ನಡುವೆ ಕಡ್ಡಿ ಮುರಿದ ಜಾಗ ಪೊಳ್ಳಾಗಿರುತ್ತದೆ, ಅಲ್ಲಿಂದಲೇ ನೀರು ಬರುತ್ತದೆ. ರಿವೆಟ್ಟಿನ ಮೈಯೂ ಒಳಗಿನ ಕಡ್ಡಿಯೂ ಎರಡೂ ಅಲ್ಯುಮಿನಿಯಂ ಆಗಿರಲಿ. 3/16 ಇಂಚಿನ ರಿವೆಟ್ಟಿಗೆ 11ನೇ ನಂಬರಿನ ಡ್ರಿಲ್ ಬಿಟ್ ಸರಿಹೋಗುತ್ತದೆ. ತೂತಿನ ಸುತ್ತ ಮತ್ತು ರಿವೆಟ್ಟಿನ ತಲೆಯ ಕೆಳಗೆ 3ಎಂ 5200 ಅಥವಾ ಸಿಕಾಫ್ಲೆಕ್ಸ್ 291 ಅನ್ನುವ ದೋಣಿಯ ಸೀಲೆಂಟ್ ಹಚ್ಚಿ ಎಳೆಯಿರಿ. ಮಾಮೂಲಿ 5200 ಪೂರ್ತಿ ಒಣಗಲು ಐದರಿಂದ ಏಳು ದಿನ ಬೇಕು. ಶುಕ್ರವಾರ ಹಚ್ಚಿ ಭಾನುವಾರ ಕೆರೆಗೆ ಇಳಿಸುವ ಆಸೆ ಬಿಡಿ.

ನಾಣ್ಯದಷ್ಟು ದೊಡ್ಡದಕ್ಕೆ ತೇಪೆ ಬೇಕು. 5052 ಅನ್ನುವ ಮಿಶ್ರಲೋಹದ ಅಲ್ಯುಮಿನಿಯಂ ಶೀಟ್, ತಳದಷ್ಟೇ ದಪ್ಪ, ತೂತಿನ ಸುತ್ತ ಒಂದು ಇಂಚು ಹೆಚ್ಚು. ಮೂಲೆಗಳನ್ನು ದುಂಡಗೆ ಮಾಡಿ. ತೂತಿನ ಅಂಚಿನಲ್ಲಿ ಬಿರುಕು ಕಂಡರೆ ಅದರ ತುದಿಗೆ ಸಣ್ಣ ತೂತು ಕೊರೆಯಿರಿ, ಬಿರುಕು ಅಲ್ಲಿಗೇ ನಿಲ್ಲುತ್ತದೆ. ತೂತು ಮುಚ್ಚಲು ಬಂದವನು ಇನ್ನೊಂದು ತೂತು ಕೊರೆಯುವುದು ವಿಚಿತ್ರವೇ, ಆದರೆ ಕೆಲಸ ಮಾಡುತ್ತದೆ. ನಾನು ತೇಪೆಯನ್ನು ಹೊರಗಿನಿಂದ ಹಾಕುತ್ತೇನೆ, ನೀರಿನ ಒತ್ತಡ ಅದನ್ನು ತಳಕ್ಕೇ ಒತ್ತಿ ಹಿಡಿಯುತ್ತದೆ.

ಇದರಲ್ಲೆಲ್ಲ ನಿಜವಾದ ಕೆಲಸ ಉಜ್ಜುವುದು. ಮೊದಲು ಅಸಿಟೋನಿನಲ್ಲಿ ಜಿಡ್ಡು ಒರೆಸಿ, ಆಮೇಲೆ ಉಜ್ಜಿ. ಉಲ್ಟಾ ಮಾಡಿದರೆ ಜಿಡ್ಡನ್ನೇ ಗೀರುಗಳೊಳಗೆ ತುಂಬಿದಂತೆ. ಕಬ್ಬಿಣದ ಬ್ರಷ್ ಬೇಡ, ಅದರ ಚೂರು ತಗಡಿಗೆ ಕಚ್ಚಿಕೊಂಡು ತುಕ್ಕು ಹಿಡಿಯುತ್ತದೆ. ಮರಳುಕಾಗದ ಅಥವಾ ಹೊಸ ಸ್ಟೇನ್‌ಲೆಸ್ ಬ್ರಷ್ ಸಾಕು. ಉಜ್ಜಿದ ಕೂಡಲೇ ಆಕ್ಸೈಡ್ ಪೊರೆ ಮತ್ತೆ ಕಟ್ಟಲು ಶುರುವಾಗುತ್ತದೆ. ಹಾಗಾಗಿ ಉಜ್ಜಿ, ಕಾಫಿ ಕುಡಿದು ಬಂದು ಹಚ್ಚುತ್ತೇನೆ ಅನ್ನುವ ಹಾಗಿಲ್ಲ.

ಹಿಂಬದಿಯ ಸ್ಕ್ರೂ ತೂತುಗಳನ್ನು ಮಾತ್ರ ಅವಸರದಲ್ಲಿ ಮುಚ್ಚಬೇಡಿ. ಮೋಟಾರ್ ತಗುಲಿಸುವ ಆ ಜಾಗದಲ್ಲಿ ತಗಡಿನ ಹಿಂದೆ ಪ್ಲೈವುಡ್ ಇರುತ್ತದೆ. ವರ್ಷಗಟ್ಟಲೆ ಆ ತೂತುಗಳಿಂದ ನೀರು ಇಳಿದಿರುತ್ತದೆ. ಒಂದು ತೆಳು ಸ್ಕ್ರೂಡ್ರೈವರ್ ತೂರಿಸಿ ನೋಡಿ. ಗಟ್ಟಿಯಾಗಿದ್ದರೆ ಚೆನ್ನಾಗಿ ಒಣಗಿಸಿ, ಮರೈನ್-ಟೆಕ್ಸ್ ತರಹದ ಎಪಾಕ್ಸಿ ತುಂಬಿ. ಇಲ್ಲಿ ಹಿಂದೆ ಮರದ ಆಸರೆ ಇರುವುದರಿಂದ ಎಪಾಕ್ಸಿ ನಿಲ್ಲುತ್ತದೆ. ನನ್ನದರಲ್ಲಿ ಸ್ಕ್ರೂಡ್ರೈವರ್ ನೆನೆದ ರಸ್ಕಿನೊಳಗೆ ಹೋದಂತೆ ಹೋಯಿತು, ಹಲಗೆಯನ್ನೇ ಬದಲಿಸಬೇಕಾಯಿತು. ಹಾಗೆ ಬದಲಿಸುವುದಾದರೆ ಅಂಗಡಿಯಲ್ಲಿ ಕೊಡುವ ಪ್ರೆಷರ್ ಟ್ರೀಟೆಡ್ ಮರ (ಕೊಳೆಯದಂತೆ ಒತ್ತಡದಲ್ಲಿ ಔಷಧಿ ತುಂಬಿದ್ದು) ಬೇಡವೇ ಬೇಡ. 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಇರುವ ಔಷಧಿ ನಿಂತಿತು. ಅದರ ಜಾಗಕ್ಕೆ ಬಂದವುಗಳಲ್ಲಿ ತಾಮ್ರ ಜಾಸ್ತಿ. ತಾಮ್ರ, ನೀರು, ಅಲ್ಯುಮಿನಿಯಂ ಸೇರಿದರೆ ಬ್ಯಾಟರಿ ಆದಂತೆ, ಕರಗುವುದು ಅಲ್ಯುಮಿನಿಯಂ. ತಾಮ್ರ ಇರುವ ಬಣ್ಣವನ್ನು ತಳಕ್ಕೆ ಬಳಿಯಬಾರದು ಅನ್ನುವುದೂ ಇದಕ್ಕೇ. ಮಾಮೂಲಿ ಎಕ್ಸ್‌ಟೀರಿಯರ್ ಪ್ಲೈವುಡ್ ತಂದು ಎಪಾಕ್ಸಿ ಬಳಿದು ಹಾಕಿ.

ಫಿಶ್ ಫೈಂಡರ್ ಮತ್ತೆ ಬೇಕೆಂದರೆ ಒಂದು ಪ್ಲಾಸ್ಟಿಕ್ ಹಲಗೆಯನ್ನು ಹಿಂಬದಿಗೆ ಗಟ್ಟಿಯಾಗಿ ಕೂರಿಸಿ, ಇನ್ನು ಮುಂದೆ ಎಲ್ಲ ಸ್ಕ್ರೂ ಅದಕ್ಕೇ ಹಾಕಿ.

ಪರೀಕ್ಷೆಗೆ ಕೆರೆಗೆ ಹೋಗಬೇಕಿಲ್ಲ. ಟ್ರೇಲರ್ ಮೇಲೇ ದೋಣಿಯೊಳಗೆ ಮೂರ್ನಾಲ್ಕು ಇಂಚು ನೀರು ಬಿಡಿ, ಜಾಸ್ತಿ ಬೇಡ, ಭಾರಕ್ಕೆ ಟ್ರೇಲರ್ ನರಳುತ್ತದೆ. ಕೆಳಗೆ ತೂರಿ ಎಲ್ಲಿ ಹನಿಯುತ್ತದೋ ಅಲ್ಲಿ ಮಾರ್ಕರ್‌ನಲ್ಲಿ ಗುರುತು ಹಾಕಿ. ಇದನ್ನು ತೇಪೆ ಹಾಕುವ ಮುಂಚೆಯೂ ಒಮ್ಮೆ ಮಾಡಿ. ನಿಮಗೆ ಗೊತ್ತಿರುವ ತೂತಿಗಿಂತ ಸಡಿಲವಾದ ಹಳೆಯ ರಿವೆಟ್‌ಗಳೇ ಜಾಸ್ತಿ ಸೋರುತ್ತಿರಬಹುದು, ನನ್ನದರಲ್ಲಿ ಏಳು ಸಿಕ್ಕವು.

ಆ ನಾಣ್ಯದಷ್ಟು ತೂತು ಒಳಗಿನ ಪಕ್ಕೆಲುಬಿನ ಪಟ್ಟಿಯಿಂದ ಎಷ್ಟು ದೂರ ಇದೆ ಅಂತ ಅಳೆದು ಹೇಳಿ. ಎರಡು ಇಂಚಿನೊಳಗಿದ್ದರೆ ತೇಪೆಯ ಆಕಾರ ಬೇರೆ ಮಾಡಬೇಕಾಗುತ್ತದೆ.