ಮಸೂದೆ ಬರೆಯೋದು ಕಲಿಯಲು ಜಮ್ಮಾ ಬಾಣೆ ಹಿಡಿದು ಕೂರಿ

ಮಸೂದೆಯ ಕರಡು ಬರೆಯೋದನ್ನು ಎಲ್ಲಿ ಕಲಿಯೋದು, ಸಂಸತ್ತಿಗೂ ವಿಧಾನಸಭೆಗೂ ಒಂದೇ ಮಾದರಿಯಾ ಎಂದು ಕೇಳಿದ್ದೀರಿ. ದೆಹಲಿಯಲ್ಲಿ ಕೇಂದ್ರ ಕಾನೂನು ಸಚಿವಾಲಯದ್ದೇ ಒಂದು ತರಬೇತಿ ಸಂಸ್ಥೆ ಇದೆ, 1989ರಿಂದ. ರಾಜ್ಯಗಳ ಅಧಿಕಾರಿಗಳೂ ಅಲ್ಲಿಗೆ ಹೋಗುತ್ತಾರೆ. ಇನ್ನು ಮಾದರಿ: ಕೇಂದ್ರದ ಕಾನೂನುಗಳಿಗೆ 1897ರ ಜನರಲ್ ಕ್ಲಾಸಸ್ ಕಾಯ್ದೆ (ಕಾನೂನುಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂದು ಹೇಳುವ ಕಾಯ್ದೆ), ಕರ್ನಾಟಕದ್ದಕ್ಕೆ ಅದೇ ಬಗೆಯ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.

ಆದರೆ ಸುಮ್ನೆ ಓದಿದರೆ ಕೈ ಪಳಗುವುದಿಲ್ಲ. ನೀವು ವಿರಾಜಪೇಟೆಯವರು ಅಲ್ವಾ, ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಗದ್ದೆಯ ಜೊತೆಗಿನ ಕಾಡುಜಾಗ, ಅಂದರೆ ಜಮ್ಮಾ ಬಾಣೆಯನ್ನೇ ತಗೊಳ್ಳಿ. ಮಸೂದೆಯಲ್ಲಿ ಬಾಣೆ ಎಂದರೇನು ಎಂದು ಹೇಳಬೇಕು ಅಂದುಕೊಳ್ಳಿ. 'ಗದ್ದೆಗೆ ಸೇರಿದ, ಮೇವು, ಸೊಪ್ಪು, ಸೌದೆಗೆ ಬಿಟ್ಟ ಜಾಗ' ಎಂದು ಬರೆದು ನೋಡಿ. ಅಲ್ಲಿ ಕಾಫಿ ಹಾಕಿದರೆ? ಮರ ಯಾರದು? ಒಕ್ಕದಲ್ಲಿ (ಕೊಡವರ ಕೂಡುಕುಟುಂಬದಲ್ಲಿ) ಪಾಲಾದರೆ? ಗದ್ದೆ ಮಾರಿದರೆ ಬಾಣೆ ಏನಾಗುತ್ತದೆ? ಒಂದೊಂದಕ್ಕೂ ವಾಕ್ಯ ತಿದ್ದಬೇಕಾಗುತ್ತದೆ, ತಲೆ ಬಿಸಿಯಾಗುತ್ತದೆ. ಆಮೇಲೆ 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ತೆಗೆದು, ಬ್ರಿಟಿಷರ ಕಾಲದ ಆ ಕಾನೂನಿನಲ್ಲಿ ಇದನ್ನು ಹೇಗೆ ಬರೆದಿದ್ದಾರೆ ನೋಡಿ.