ಓದುಗರ ಪ್ರಶ್ನೆ: ಹಳೇ ಗಿಟಾರಿನ ಟೋನ್ ನಾಬ್ ಕೆಲಸ ಮಾಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನ ಬಳಿ 1972ರ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಇದೆ. ಎರಡೂ ಟೋನ್ ನಾಬ್‌ಗಳನ್ನು 10ರಿಂದ 2ರವರೆಗೆ ಇಳಿಸಿದರೂ ಸದ್ದಿನಲ್ಲಿ ವ್ಯತ್ಯಾಸ ಕೇಳುವುದಿಲ್ಲ. 2 ದಾಟಿದ ಮೇಲೆ ಒಮ್ಮೆಲೇ ಮಂಕಾಗುತ್ತದೆ. ಕೆಪಾಸಿಟರ್ ಹೋಗಿದೆ, ಬದಲಿಸಿ ಎಂದು ರಿಪೇರಿಯವರು ಹೇಳಿದ್ದಾರೆ. ಬದಲಿಸಲೇ?
— ಓದುಗರು, ಬೆಂಗಳೂರು

ಉತ್ತರ: ಬೇಡ. ಕೆಪಾಸಿಟರ್ ಕಡಿದುಹೋಗಿದ್ದರೆ ನಾಬನ್ನು ಸೊನ್ನೆಗೆ ತಂದರೂ ಸದ್ದು ಮಂಕಾಗುತ್ತಿರಲಿಲ್ಲ. ಒಳಗೇ ಶಾರ್ಟ್ ಆಗಿದ್ದರೆ ಸೊನ್ನೆಯಲ್ಲಿ ಸದ್ದೇ ನಿಂತುಹೋಗುತ್ತಿತ್ತು, ಟೋನ್ ನಾಬ್ ವಾಲ್ಯೂಮ್ ನಾಬಿನಂತೆ ವರ್ತಿಸುತ್ತಿತ್ತು. ನಿಮ್ಮದು ಸೊನ್ನೆಯಲ್ಲಿ ಸರಿಯಾಗಿಯೇ ಮಂಕಾಗುತ್ತಿದೆ, ಅಂದರೆ ಕೆಪಾಸಿಟರ್ ಚೆನ್ನಾಗಿದೆ. ಅನುಮಾನಪಡಬೇಕಾದ್ದು ಪಾಟ್ ಮೇಲೆ, ಅಂದರೆ ನಾಬಿನ ಕೆಳಗಿರುವ ಪೊಟೆನ್ಷಿಯೋಮೀಟರ್ ಮೇಲೆ.

ಟೋನ್ ಪಾಟ್ ಮಾಡುವುದು ಇಷ್ಟೇ: ಪಿಕಪ್‌ನಿಂದ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿಯಿಂದ) ಬಂದ ಟ್ರೆಬಲ್, ಅಂದರೆ ಸದ್ದಿನ ಚೂಪು ಭಾಗ, ಎಷ್ಟು ಸಲೀಸಾಗಿ ಕೆಪಾಸಿಟರ್ ದಾಟಿ ಗ್ರೌಂಡ್‌ಗೆ ಹರಿಯಬೇಕು ಎಂದು ತೀರ್ಮಾನಿಸುವುದು. ಸ್ಟ್ರಾಟ್‌ನಲ್ಲಿ (ಸ್ಟ್ರಾಟೊಕ್ಯಾಸ್ಟರ್‌ನಲ್ಲಿ) ಅದರ ರೆಸಿಸ್ಟೆನ್ಸ್, ಅಂದರೆ ವಿದ್ಯುತ್ ತಡೆ, 250 ಕಿಲೋ ಓಮ್. ಆದರೆ ಕಿವಿಗೆ ಬದಲಾವಣೆ ಗೊತ್ತಾಗುವುದು ಹೆಚ್ಚುಕಡಿಮೆ 50 ಕಿಲೋ ಓಮ್‌ಗಿಂತ ಕೆಳಗೆ ಇಳಿದಾಗ. ಪಾಟ್‌ನಲ್ಲಿ ಎರಡು ಬಗೆ. ರೆಸಿಸ್ಟೆನ್ಸ್ ಒಂದೇ ಸಮ ಇಳಿಯದ ಆಡಿಯೋ ಟೇಪರ್ ಪಾಟ್‌ನಲ್ಲಿ ನಾಬ್ 5ಕ್ಕೆ ಬರುವಷ್ಟರಲ್ಲಿ ರೆಸಿಸ್ಟೆನ್ಸ್ 25ರಿಂದ 50 ಕಿಲೋ ಓಮ್‌ಗೆ ಇಳಿದಿರುತ್ತದೆ. ಒಂದೇ ಸಮ ಇಳಿಯುವ ಲೀನಿಯರ್ ಪಾಟ್‌ನಲ್ಲಿ ಅದೇ 5ರಲ್ಲಿ 125 ಕಿಲೋ ಓಮ್ ಇರುತ್ತದೆ, 50ಕ್ಕೆ ಇಳಿಯುವುದು 2ರ ಹತ್ತಿರ. ನೀವು ಬರೆದಿರುವುದು ಇದನ್ನೇ. ಹಿಂದೆ ಯಾರೋ ಎರಡೂ ಟೋನ್ ಪಾಟ್ ಬದಲಿಸಿ ಲೀನಿಯರ್ ಹಾಕಿದ್ದಾರೆ ಎಂದು ನಮ್ಮ ಅಂದಾಜು.

ಖಚಿತಪಡಿಸಿಕೊಳ್ಳಲು ಬೆಸುಗೆ ಬಿಚ್ಚಬೇಕಾಗಿಲ್ಲ. ತಂತಿಗಳನ್ನು ಸಡಿಲಿಸಿ, ಪಿಕ್‌ಗಾರ್ಡ್‌ನ (ನಾಬ್, ಪಿಕಪ್‌ಗಳನ್ನು ಹೊತ್ತ ಪ್ಲಾಸ್ಟಿಕ್ ಫಲಕದ) ಸ್ಕ್ರೂ ತೆಗೆದು, ಅದನ್ನು ಮೆಲ್ಲಗೆ ಮಗುಚಿ ಬಟ್ಟೆಯ ಮೇಲೆ ಮಲಗಿಸಿ. ಜ್ಯಾಕ್‌ಗೆ ಮತ್ತು ಹಿಂದಿನ ಸ್ಪ್ರಿಂಗ್‌ಗಳ ಕಡೆಗೆ ಹೋಗುವ ವೈರ್‌ಗಳು ಬಿಗಿಯಾಗದಂತೆ ನೋಡಿಕೊಳ್ಳಿ. ಪಿಕಪ್ ಆಯುವ ಸ್ವಿಚ್ಚನ್ನು ಬ್ರಿಡ್ಜ್ (ತಂತಿಯ ಬುಡದ) ಪಿಕಪ್ ಕಡೆಗೆ ತಳ್ಳಿ. ಸ್ಟ್ರಾಟ್‌ನಲ್ಲಿ ಆ ಜಾಗದಲ್ಲಿ ಯಾವ ಟೋನ್ ಪಾಟೂ ಸರ್ಕ್ಯೂಟ್‌ಗೆ ಸೇರಿರುವುದಿಲ್ಲ, ಹಾಗಾಗಿ ಮೀಟರ್ ಸುಳ್ಳು ಹೇಳುವುದಿಲ್ಲ. ಪಾಟ್‌ನ ಮೂರು ಕಾಲುಗಳಲ್ಲಿ ವೈರ್ ಇರುವ ಎರಡಕ್ಕೆ ಮಲ್ಟಿಮೀಟರ್ ಕಡ್ಡಿ ಇಟ್ಟು ಓದಿ. 10ರಲ್ಲಿ 200ರಿಂದ 300 ಕಿಲೋ ಓಮ್ ಏನೇ ಬಂದರೂ ಸರಿ, ಈ ಪಾಟ್‌ಗಳಲ್ಲಿ ಶೇ. 20 ಆಚೀಚೆ ಮಾಮೂಲು. 5ರಲ್ಲಿ 120ರ ಆಸುಪಾಸು ಬಂದರೆ ಲೀನಿಯರ್ ಎಂದು ಗ್ಯಾರಂಟಿ. ಸೊನ್ನೆಯಲ್ಲೂ ಹಲವು ಕಿಲೋ ಓಮ್ ಉಳಿದರೆ ಪಾಟ್‌ನ ಪಟ್ಟಿ ಸವೆದಿದೆ ಅಥವಾ ಕೊಳೆ ಕೂತಿದೆ.

ಪಾಟ್‌ನ ಮೈಮೇಲೆ ಒತ್ತಿರುವ ಅಂಕಿಯನ್ನೂ ಓದಿ. 137 ಎಂದು ಶುರುವಾದರೆ ಸಿಟಿಎಸ್ ಕಂಪನಿಯದು, 304 ಆದರೆ ಸ್ಟ್ಯಾಕ್‌ಪೋಲ್ ಕಂಪನಿಯದು. ಮುಂದಿನ ಅಂಕಿಗಳು ವರ್ಷ ಮತ್ತು ವಾರ: 1377214 ಎಂದರೆ ಸಿಟಿಎಸ್, 1972ರ 14ನೇ ವಾರ. ವಾಲ್ಯೂಮ್ ಪಾಟ್‌ನಲ್ಲಿ ಇಂಥ ಅಂಕಿ ಇದ್ದು ಟೋನ್ ಪಾಟ್‌ಗಳಲ್ಲಿ ಬೇರೇನೋ ಇದ್ದರೆ ಕಥೆ ಅಲ್ಲಿಗೆ ಸ್ಪಷ್ಟ. (1960ರ ದಶಕದ ಕೊನೆಯ ಗಿಟಾರ್ ಇರುವವರು ಗಮನಿಸಿ: 1966ರಲ್ಲಿ ಫೆಂಡರ್ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡಿತ್ತು. 1968–69ರ ಗಿಟಾರಿನಲ್ಲಿ 1966ರ ಪಾಟ್ ಸಿಕ್ಕರೆ ಗಾಬರಿ ಬೇಡ, ಅದು ಅಸಲಿಯೇ.)

ಹೊಸ ಪಾಟ್ ಕೊಳ್ಳುವಾಗ A250K ಎಂದೇ ಕೇಳಿ. A ಎಂದರೆ ಆಡಿಯೋ, B ಎಂದರೆ ಲೀನಿಯರ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ ಪಾಟ್‌ಗಳಲ್ಲಿ ಹೆಚ್ಚಿನವು B, ಮೇಲಾಗಿ ಅವುಗಳ ದಂಡ 6 ಮಿ.ಮೀ. ನಿಮ್ಮ ನಾಬ್‌ಗೆ ಬೇಕಾದ್ದು ಕಾಲು ಇಂಚಿನ, 24 ಹಲ್ಲಿನ ಸೀಳು ದಂಡ. ಸಣ್ಣ ದಂಡಕ್ಕೆ ಹಳೇ ನಾಬ್ ಕೂರಿಸಲು ಹೋಗಬೇಡಿ, ಸರಿಯಾಗಿ ಕೂರುವುದಿಲ್ಲ.

ಪಾಟ್‌ನ ಬೆನ್ನಿಗೆ ಬೆಸುಗೆ ಹಾಕುವಾಗ ಹೆಚ್ಚಿನವರು ಎಡವುತ್ತಾರೆ. ಆ ಲೋಹ ಶಾಖವನ್ನು ಹೀರಿಕೊಳ್ಳುತ್ತದೆ. 25 ವ್ಯಾಟ್‌ನ ಐರನ್ ಇಟ್ಟುಕೊಂಡು ಅರ್ಧ ನಿಮಿಷ ಕಾದರೆ ಸೋಲ್ಡರ್ ಕರಗುವ ಮೊದಲೇ ಒಳಗಿನ ಕಾರ್ಬನ್ ಪಟ್ಟಿ ಬೆಂದುಹೋಗುತ್ತದೆ. 40ರಿಂದ 60 ವ್ಯಾಟ್‌ನ ಐರನ್, ಅಗಲ ತುದಿ, 60/40 ರೋಸಿನ್ ಸೋಲ್ಡರ್ ಇರಲಿ. ಬೆನ್ನನ್ನು ಮರಳುಕಾಗದದಿಂದ ಉಜ್ಜಿ, ಮೊದಲು ಒಂದು ಹನಿ ಸೋಲ್ಡರ್ ಹರಡಿ, ಆಮೇಲೆ ವೈರ್ ಇಟ್ಟು ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಸಿ. ಆರಿದ ಮೇಲೆ ಬೆಸುಗೆ ಹೊಳೆಯಬೇಕು. ಬೂದಿಬಣ್ಣಕ್ಕೆ ತಿರುಗಿ ಮರಳುಮರಳಾಗಿ ಕಂಡರೆ ಮತ್ತೊಮ್ಮೆ ಕಾಯಿಸಿ.

ಪ್ರಶ್ನೆ: 1964ರ ಸ್ಟ್ರಾಟ್. ಈ ಮಳೆಗಾಲ ಕಳೆದ ಮೇಲೆ ಎರಡೂ ಟೋನ್ ನಾಬ್ ಒಟ್ಟಿಗೆ ಸತ್ತಿವೆ. ಸೊನ್ನೆಗೆ ಇಳಿಸಿದರೂ ಸದ್ದು ಹಾಗೇ ಇರುತ್ತದೆ. ವಾಲ್ಯೂಮ್ ಸರಿಯಿದೆ.
— ಓದುಗರು, ಮಂಗಳೂರು

ಉತ್ತರ: ಒಂದು ನಾಬ್ ಮಾತ್ರ ಸತ್ತರೆ ಆ ಪಾಟ್ ಅಥವಾ ಅದರ ವೈರ್ ನೋಡಬೇಕು. ಎರಡೂ ಒಟ್ಟಿಗೆ ಸತ್ತರೆ ಎರಡಕ್ಕೂ ಸೇರಿದ್ದನ್ನು ನೋಡಬೇಕು. ಹಳೇ ಸ್ಟ್ರಾಟ್‌ನಲ್ಲಿ ಎರಡು ಟೋನ್ ಪಾಟ್‌ಗೂ ಕೆಪಾಸಿಟರ್ ಒಂದೇ, ನಿಮ್ಮದರಲ್ಲಿ ಬಿಲ್ಲೆಯಾಕಾರದ 0.1 ಮೈಕ್ರೋಫ್ಯಾರಡ್ ಸಿರಾಮಿಕ್. ಹಾಗಾಗಿ ಕೆಪಾಸಿಟರ್, ಅದರ ಗ್ರೌಂಡ್, ಸ್ವಿಚ್‌ನ ಟೋನ್ ಪಕ್ಕ: ಈ ಮೂರರಲ್ಲಿ ಒಂದು.

ಬಿಚ್ಚುವ ಮೊದಲು ಒಂದು ಎಚ್ಚರಿಕೆ. ಆ ಕಾಲದ ಹಸಿರುಛಾಯೆಯ ಪಿಕ್‌ಗಾರ್ಡ್ ಸೆಲ್ಯುಲಾಯ್ಡ್. ವರ್ಷ ಕಳೆದಂತೆ ಅದು ಕುಗ್ಗಿ, ಸ್ಕ್ರೂ ತೂತಿನ ಬಳಿ ಬಿರುಕು ಬಿಡುತ್ತದೆ. ಒತ್ತಾಯದಿಂದ ಎತ್ತಬೇಡಿ. ಅದಕ್ಕೆ ಬೆಂಕಿಯೂ ಬೇಗ ಹತ್ತುತ್ತದೆ, ಬಿಸಿ ಐರನ್ ತಾಗದಂತೆ ದಪ್ಪ ರಟ್ಟು ಅಡ್ಡ ಇಡಿ.

ಈಗ ಪರೀಕ್ಷೆ. ಗಿಟಾರನ್ನು ಆಂಪ್ಲಿಫೈಯರ್‌ಗೆ ಹಾಕಿ ವಾಲ್ಯೂಮ್ ಸಣ್ಣಗಿಡಿ. ಸ್ವಿಚ್ ನೆಕ್ (ಗಿಟಾರಿನ ಕತ್ತಿನ ಬದಿಯ) ಪಿಕಪ್ ಕಡೆ, ಅದರ ಟೋನ್ ನಾಬ್ ಸೊನ್ನೆಯಲ್ಲಿ. ಎರಡು ತುದಿಗೂ ಕ್ರೊಕಡೈಲ್ ಕ್ಲಿಪ್ ಇರುವ ವೈರ್ ತೆಗೆದುಕೊಂಡು, ಒಂದು ತುದಿಯನ್ನು ಕೆಪಾಸಿಟರ್‌ನ ಗ್ರೌಂಡ್ ಕಾಲಿಗೆ, ಇನ್ನೊಂದನ್ನು ಜ್ಯಾಕ್‌ನ ಹೊರ ಲೋಹಕ್ಕೆ ಕಚ್ಚಿಸಿ. ತಂತಿ ಮೀಟಿದಾಗ ಸದ್ದು ಮಂಕಾದರೆ ತಪ್ಪು ಗ್ರೌಂಡ್‌ನದ್ದು. ಪಿಕ್‌ಗಾರ್ಡ್ ಅಡಿಯ ಅಲ್ಯುಮಿನಿಯಂ ತಗಡಿಗೂ ಪಾಟ್‌ಗಳಿಗೂ ನಡುವೆ ತೇವಕ್ಕೆ ಕಿಲುಬು ಕೂತು, ನಟ್ ಸಡಿಲವಾಗಿದ್ದರೆ, ಈ ಸಂಪರ್ಕ ಕಡಿಯುತ್ತದೆ. ತಗಡನ್ನು ಉಜ್ಜಿ ನಟ್ ಬಿಗಿ ಮಾಡಿ. ಕರಾವಳಿಯ ಹವೆಯಲ್ಲಿ ಅದು ಮತ್ತೆ ಮರುಕಳಿಸುತ್ತದೆ, ಆದ್ದರಿಂದ ಪಾಟ್‌ನಿಂದ ಪಾಟ್‌ಗೆ ಒಂದು ಗ್ರೌಂಡ್ ವೈರ್ ಎಳೆಯುವುದು ಒಳ್ಳೆಯದು.

ಏನೂ ಬದಲಾಗಲಿಲ್ಲವೇ? ಹೊಸ ಕೆಪಾಸಿಟರ್ ಒಂದನ್ನು, 104 ಎಂದು ಅಚ್ಚಾದ 0.1 ಆದರೆ ಸರಿ, ಹಳೆಯದರ ಎರಡು ಕಾಲಿಗೆ ಅಡ್ಡಲಾಗಿ ಕಚ್ಚಿಸಿ. ಈಗ ಮಂಕಾದರೆ ಹಳೆಯದು ಒಳಗೆ ಕಡಿದಿದೆ. ಆಗಲೂ ಹಾಗೇ ಇದ್ದರೆ ಸ್ವಿಚ್. ಸ್ಟ್ರಾಟ್ ಸ್ವಿಚ್‌ಗೆ ಎರಡು ಪಕ್ಕ: ಒಂದು ಪಿಕಪ್ ಆಯುತ್ತದೆ, ಇನ್ನೊಂದು ಅದಕ್ಕೆ ಸೇರಿದ ಟೋನ್ ಪಾಟ್ ಆಯುತ್ತದೆ. ಎರಡನೇ ಪಕ್ಕ ಮಾತ್ರ ಕೆಟ್ಟಾಗ ಸದ್ದು ಸರಿ ಬರುತ್ತದೆ, ಟೋನ್ ಮಾತ್ರ ಇರುವುದಿಲ್ಲ. ಸ್ವಿಚ್ ನೆಕ್ ಕಡೆ ಇದ್ದಾಗ ವಾಲ್ಯೂಮ್ ಪಾಟ್‌ಗೆ ಸದ್ದು ಬರುವ ಕಾಲಿಗೂ ಮೊದಲ ಟೋನ್ ಪಾಟ್‌ಗೆ ಸ್ವಿಚ್‌ನಿಂದ ವೈರ್ ಬರುವ ಕಾಲಿಗೂ ನಡುವೆ ಮೀಟರ್ 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಇಲ್ಲದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ಸ್ವಿಚ್ಚನ್ನು 30–40 ಸಲ ಆಚೀಚೆ ಆಡಿಸಿ. ಬಾಗಿಲ ಕೀಲಿಗೆ ಹಾಕುವ ಸ್ಪ್ರೇ ಖಂಡಿತ ಬೇಡ, ಅದರ ಜಿಡ್ಡು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಯಾವ ಭಾಗ ತೆಗೆದರೂ ಎಸೆಯಬೇಡಿ. ಜಿಪ್ ಚೀಲಕ್ಕೆ ಹಾಕಿ, ದಿನಾಂಕ ಬರೆದು, ಗಿಟಾರ್ ಪೆಟ್ಟಿಗೆಯಲ್ಲೇ ಇಡಿ. 1964ರ ಗಿಟಾರಿನಲ್ಲಿ ಫ್ಯಾಕ್ಟರಿಯ ಒಂದು ಬೆಸುಗೆಗೂ ಬೆಲೆಯಿದೆ.

ಪ್ರಶ್ನೆ: 0.1ರ ಬದಲು ದುಬಾರಿ ಆಯಿಲ್ ಕೆಪಾಸಿಟರ್ ಹಾಕಿದರೆ ಟೋನ್ ನಾಬ್ ಬಲವಾಗುತ್ತದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಕೆಪಾಸಿಟರ್‌ನ ಮೈಕ್ರೋಫ್ಯಾರಡ್ ಅಂಕಿ ಬದಲಿಸಿದರೆ ನಾಬ್ ಕೊನೆಯಲ್ಲಿ ಎಷ್ಟು ಮಂಕಾಗಬೇಕು ಎನ್ನುವುದು ಮಾತ್ರ ಬದಲಾಗುತ್ತದೆ. ಸುಮಾರು 2.4 ಹೆನ್ರಿಯ ಪಿಕಪ್ ಇದ್ದಾಗ, ಸೊನ್ನೆಯಲ್ಲಿ ಸದ್ದಿನ ಉಬ್ಬು 0.022ಕ್ಕೆ 690 ಹರ್ಟ್ಸ್ ಹತ್ತಿರ, 0.047ಕ್ಕೆ 475ರ ಹತ್ತಿರ, 0.1ಕ್ಕೆ 325ರ ಹತ್ತಿರ ಬರುತ್ತದೆ. ಕೆಸರಿನಂತೆ ಮುದ್ದೆಯಾಗುತ್ತದೆ ಎನ್ನುವವರು 0.022 ಹಾಕಿ ನೋಡಬಹುದು. ಒಂದೇ ಮೈಕ್ರೋಫ್ಯಾರಡ್ ತೋರಿಸುವ ಹತ್ತು ರೂಪಾಯಿಯ ಫಿಲ್ಮ್ ಕೆಪಾಸಿಟರ್‌ಗೂ ಸಾವಿರಾರು ರೂಪಾಯಿಯದ್ದಕ್ಕೂ ಈ ಕೆಲಸದಲ್ಲಿ ವ್ಯತ್ಯಾಸವಿಲ್ಲ. ಹಣ ಪಾಟ್‌ಗೆ ಹಾಕಿ.

ಪ್ರಶ್ನೆ: 1956ರ ಟೆಲಿಕ್ಯಾಸ್ಟರ್. ನೆಕ್ ಕಡೆ ಸ್ವಿಚ್ ಹಾಕಿದರೆ ತುಂಬ ಮಂಕು, ಟೋನ್ ನಾಬ್ ತಿರುಗಿಸಿದರೆ ಏನೂ ಆಗದು.
— ಓದುಗರು, ಪುಣೆ

ಉತ್ತರ: ಏನೂ ಕೆಟ್ಟಿಲ್ಲ, ಮುಟ್ಟಬೇಡಿ. 1952ರಿಂದ 1967ರವರೆಗೆ ಫೆಂಡರ್ ವೈರಿಂಗ್ ಇದ್ದದ್ದೇ ಹಾಗೆ: ಆ ಜಾಗದಲ್ಲಿ ಬೇಸ್ ಗಿಟಾರಿನಂಥ ಮಂಕು ಸದ್ದು ಸ್ಥಿರ, ಟೋನ್ ನಾಬ್ ಹೊರಗೆ. ನೆಕ್ ಪಿಕಪ್‌ಗೆ ಟೋನ್ ಸಿಗುವುದು ಸ್ವಿಚ್ ಮಧ್ಯದಲ್ಲಿದ್ದಾಗ. ಹಾಗೆಯೇ ಹಳೇ ಸ್ಟ್ರಾಟ್‌ನ ಬ್ರಿಡ್ಜ್ ಪಿಕಪ್‌ಗೆ ಟೋನ್ ಇಲ್ಲ, ಜ್ಯಾಜ್‌ಮಾಸ್ಟರ್‌ನ ಮೇಲಿನ ಸ್ಲೈಡ್ ಸ್ವಿಚ್ ರಿದಮ್ ಕಡೆ ಇದ್ದರೆ ಕೆಳಗಿನ ನಾಬ್‌ಗಳು ಕೆಲಸ ಮಾಡುವುದಿಲ್ಲ.

ಪ್ರಶ್ನೆ: 1976ರ ಗಿಬ್ಸನ್ ಲೆಸ್ ಪಾಲ್. ಟೋನ್ 10ರಲ್ಲಿದ್ದರೂ ಕಂಬಳಿ ಹೊದಿಸಿದಂತೆ ಕೇಳುತ್ತದೆ, ಕೆಳಗೆ ಇಳಿಸಿದಾಗ ದೊಡ್ಡ ವ್ಯತ್ಯಾಸವೂ ಇಲ್ಲ.
— ಓದುಗರು, ಮೈಸೂರು

ಉತ್ತರ: ಆ ದಶಕದಲ್ಲಿ ಗಿಬ್ಸನ್ 300 ಕಿಲೋ ಓಮ್ ವಾಲ್ಯೂಮ್, 100 ಕಿಲೋ ಓಮ್ ಟೋನ್ ಪಾಟ್ ಹಾಕುತ್ತಿತ್ತು. ಹಂಬಕರ್‌ಗೆ (ಲೆಸ್ ಪಾಲ್‌ನ ಜೋಡಿ ಸುರುಳಿಯ ಪಿಕಪ್‌ಗೆ) 100 ಕಿಲೋ ಓಮ್ ತುಂಬ ಭಾರ: ನಾಬ್ 10ರಲ್ಲಿದ್ದರೂ ಟ್ರೆಬಲ್ ಸೋರುತ್ತಲೇ ಇರುತ್ತದೆ, ಇಳಿಸಲು ಉಳಿದಿರುವುದೇ ಕಡಿಮೆ. ಒಂದು ಟೋನ್ ಪಾಟ್‌ಗೆ ಬರುವ ವೈರನ್ನು ಬಿಡಿಸಿ ನುಡಿಸಿ ನೋಡಿ. ಸದ್ದು ತೆರೆದುಕೊಂಡರೆ ಟೋನ್ ಪಾಟ್‌ಗಳನ್ನು A500Kಗೆ ಬದಲಿಸಿ. ಹೆಚ್ಚು ಬಾರಿ ಅಷ್ಟೇ ಸಾಕು, ವಾಲ್ಯೂಮ್ ಪಾಟ್ ಹಾಗೇ ಇರಲಿ. ದಂಡದ ಉದ್ದ ಅಳೆದೇ ಕೊಳ್ಳಿ, ಲೆಸ್ ಪಾಲ್‌ನ ಮರ ದಪ್ಪ.

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ಗಿಟಾರನ್ನು ನೇರ ಮಿಕ್ಸರ್‌ಗೆ ಹಾಕುತ್ತೇನೆ. ಮನೆಯ ಆಂಪ್‌ನಲ್ಲಿ ಚೆನ್ನಾಗಿರುವ ಟೋನ್ ವೇದಿಕೆಯಲ್ಲಿ ಸಪ್ಪೆ.
— ಓದುಗರು, ದಾವಣಗೆರೆ

ಉತ್ತರ: ಮಿಕ್ಸರ್‌ನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಹತ್ತಿಪ್ಪತ್ತು ಕಿಲೋ ಓಮ್. ಪಿಕಪ್‌ಗೆ ಬೇಕಾದ್ದು 1 ಮೆಗಾ ಓಮ್‌ನಷ್ಟು. ಟ್ರೆಬಲ್ ಮಿಕ್ಸರ್ ತಲುಪುವ ಮೊದಲೇ ಕುಸಿದಿರುವಾಗ ಟೋನ್ ನಾಬ್‌ಗೆ ಕತ್ತರಿಸಲು ಏನೂ ಉಳಿದಿರುವುದಿಲ್ಲ. 1 ಮೆಗಾ ಓಮ್ ಇನ್‌ಪುಟ್ ಇರುವ ಆಕ್ಟಿವ್ ಡಿಐ ಬಾಕ್ಸ್ (ಗಿಟಾರಿನ ಸದ್ದನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ಬಳಸಿ, ಅಥವಾ ಮಿಕ್ಸರ್‌ನಲ್ಲಿ ಗಿಟಾರ್‌ಗೆಂದೇ ಹೈ-ಝಡ್ ಬಟನ್ ಇದ್ದರೆ ಒತ್ತಿ. ಕೇಬಲ್ ಉದ್ದವೂ ಲೆಕ್ಕಕ್ಕೆ ಬರುತ್ತದೆ: ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಎಂದರೆ 10 ಮೀಟರಿನ ಕೇಬಲ್ 1,000 ಪಿಕೋಫ್ಯಾರಡ್ ಹೊರಿಸುತ್ತದೆ. ಗಿಟಾರಿನಿಂದ ಡಿಐವರೆಗೆ 3 ಮೀಟರ್ ಕೇಬಲ್ ಇಟ್ಟು, ಉಳಿದ ದೂರಕ್ಕೆ ಮೈಕ್ ಕೇಬಲ್ ಎಳೆಯಿರಿ.