ಕೋಟನ್ನು ಇನ್ನೂ ಒಳಗಿಡಬೇಡಿ

ನವೆಂಬರ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದಿಳಿದ ನೀವು, ಕಚೇರಿಯಲ್ಲಿ ಎಲ್ಲರೂ ‘ವಸಂತ ಬರಲಿ, ಆಮೇಲೆ ಹೇಳಿ’ ಎನ್ನುತ್ತಿದ್ದಾರೆ, ಅಂಥದ್ದೇನಿದೆ ಅದರಲ್ಲಿ, ಅದು ಬಂದರೆ ಇಲ್ಲಿನ ಬದುಕು ಹಗುರವಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಈ ಊರಿಗೆ ಬಂದು ಹದಿನೇಳು ವರ್ಷವಾಯಿತು. ಹಗುರವಾಗುತ್ತದೆ. ಆದರೆ ಮೂಗು ಸೋರಿಸಿಕೊಂಡೇ ಹಗುರವಾಗುತ್ತದೆ.

ವಸಂತ ಎನ್ನುವುದು ನಮಗೆ ಪಂಚಾಂಗದಲ್ಲಿ, ಪಠ್ಯಪುಸ್ತಕದಲ್ಲಿ ಇದ್ದ ಋತು. ದಿನದ ಮಾತಿಗೆ ನಾವು ಎಣಿಸುವುದು ಮಳೆಗಾಲ, ಚಳಿಗಾಲ, ಬೇಸಿಗೆ, ಮೂರೇ. ಚಳಿ ಮುಗಿದರೆ ಸೆಕೆ ಬಂದೇ ಬರಬೇಕು ಎಂದು ಮೈ ತಾನಾಗಿ ಲೆಕ್ಕ ಹಾಕಿಬಿಡುತ್ತದೆ. ಇಲ್ಲಿ ಆ ಲೆಕ್ಕ ತಪ್ಪುತ್ತದೆ. ಏಪ್ರಿಲ್ ತನಗೆ ಬೇಕಾದ್ದನ್ನೇ ಮಾಡುತ್ತದೆ ಎಂದು ಜರ್ಮನ್ನರಲ್ಲಿ ಒಂದು ಗಾದೆ ಇದೆ. ಬೆಳಿಗ್ಗೆ ಆಲಿಕಲ್ಲು, ಮಧ್ಯಾಹ್ನ ಅಂಗಿಯ ತೋಳು ಮಡಚುವಷ್ಟು ಬಿಸಿಲು, ಸಂಜೆ ಮತ್ತೆ ಟೋಪಿ. ಮೊದಲ ವರ್ಷ ನಾನು ಮಾರ್ಚ್‌ನಲ್ಲೇ ದಪ್ಪ ಕೋಟನ್ನು ಒಗೆಯಲು ಕೊಟ್ಟು, ಹತ್ತು ದಿನ ತೆಳು ಜಾಕೆಟ್ಟಿನಲ್ಲಿ ನಡುಗಿದವನು.

ಬೆಳಕಿನ ವಿಷಯ ಮಾತ್ರ ಯಾರೂ ಹೆಚ್ಚಿಸಿ ಹೇಳಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಮುಳುಗುತ್ತಿದ್ದ ಸೂರ್ಯ ಈಗ ಏಳೂವರೆ ದಾಟಿದರೂ ಇರುತ್ತಾನೆ. ಕಳೆದ ವಾರ, ಮಾರ್ಚ್ ತಿಂಗಳ ಕೊನೆಯ ಭಾನುವಾರ, ರಾತ್ರಿ ಎರಡು ಗಂಟೆಗೆ ಗಡಿಯಾರ ಮೂರಕ್ಕೆ ಜಿಗಿಯಿತಲ್ಲ, ಇದರಲ್ಲಿ ಒಂದು ಗಂಟೆ ಅದರ ಫಲ. ನಿಮ್ಮ ಒಂದು ಗಂಟೆಯ ನಿದ್ದೆ ಹೋಗಿದೆ; ಅದು ಸಿಗುವುದು ಅಕ್ಟೋಬರ್‌ನಲ್ಲಿ. ಈ ಗಡಿಯಾರದ ಆಟವನ್ನು ನಿಲ್ಲಿಸಬೇಕೆಂದು ಯುರೋಪಿಯನ್ ಸಂಸತ್ತು 2019ರಲ್ಲೇ ಮತ ಹಾಕಿತ್ತು, ಇನ್ನೂ ನಿಂತಿಲ್ಲ. ಮೊಬೈಲು ತಾನೇ ಸರಿಮಾಡಿಕೊಳ್ಳುತ್ತದೆ, ನಮ್ಮ ಮನೆಯ ಓವನ್ ಮಾಡಿಕೊಳ್ಳುವುದಿಲ್ಲ. ಅದನ್ನು ನಾನು ಹಾಗೆಯೇ ಬಿಟ್ಟಿದ್ದೇನೆ, ಚಳಿಗಾಲದಲ್ಲಿ ಅದು ಸರಿಯಾದ ಸಮಯವನ್ನೇ ತೋರಿಸುತ್ತದೆ.

ಹನ್ನೆರಡು ಡಿಗ್ರಿ ಬಿಸಿಲು ಬಿದ್ದರೆ ಸಾಕು, ಕಾಫಿ ಅಂಗಡಿಯವರು ಕುರ್ಚಿಗಳನ್ನು ಬೀದಿಗೆ ಹಾಕುತ್ತಾರೆ. ಜನ ತೊಡೆಯ ಮೇಲೆ ಕಂಬಳಿ ಹೊದ್ದು, ಕಣ್ಣು ಮುಚ್ಚಿ, ಸೂರ್ಯನ ಕಡೆಗೆ ಮುಖ ಮಾಡಿ ಕುಳಿತಿರುತ್ತಾರೆ. ಪಕ್ಕದಲ್ಲಿ ಐಸ್‌ಕ್ರೀಮಿಗೆ ಸಾಲು. ಇವರಿಗೇನಾಗಿದೆ ಎಂದು ಮೊದಲು ನಗುತ್ತಿದ್ದೆ. ಈಗ ಬಿಸಿಲು ಯಾವ ಗಂಟೆಗೆ ಯಾವ ಕುರ್ಚಿಯ ಮೇಲೆ ಬೀಳುತ್ತದೆ ಎಂಬುದು ನನಗೆ ಬಾಯಿಪಾಠ. ವಿಲ್ಹೆಲ್ಮಾ ಉದ್ಯಾನಕ್ಕೆ ಇನ್ನೂ ಹೋಗಿಲ್ಲದಿದ್ದರೆ ಈ ವಾರವೇ ಹೋಗಿ. ಅಲ್ಲಿನ ಮ್ಯಾಗ್ನೋಲಿಯಾ ಮರಗಳು ಎಲೆಯೇ ಇಲ್ಲದ ಕೊಂಬೆಗಳಲ್ಲಿ ಅಂಗೈಯಗಲದ ಹೂ ಬಿಟ್ಟಿರುತ್ತವೆ. ಒಂದು ರಾತ್ರಿ ಮಂಜುಗಟ್ಟಿತೆಂದರೆ ಅಷ್ಟೂ ಕಂದು ಬಣ್ಣಕ್ಕೆ ತಿರುಗಿಬಿಡುತ್ತವೆ, ಮುಂದಿನ ವಾರ ನೋಡೋಣ ಎನ್ನುವಂತಿಲ್ಲ.

ಇನ್ನು ಮೂಗಿನ ಕಥೆ. ಜರ್ಮನ್ ಹವಾಮಾನ ಇಲಾಖೆ ಮಳೆ, ಬಿಸಿಲಿನ ಹಾಗೆಯೇ ಪರಾಗದ ಮುನ್ಸೂಚನೆಯನ್ನೂ ಕೊಡುತ್ತದೆ. ಎಂಟು ಬಗೆಯ ಗಿಡಮರಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ, ಮೂರೆಂದರೆ ಪರಾಗದ ಕಾಟ ಹೆಚ್ಚು. ಮೊದಲೆರಡು ವರ್ಷ ನನಗೆ ಇದು ತಮಾಷೆಯಾಗಿತ್ತು. ಹೂವಿನ ಧೂಳಿಗೆ ಕಣ್ಣು ಕೆಂಪಾಗಿಸಿಕೊಂಡು ಕೂರುವ ಸಹೋದ್ಯೋಗಿಗಳನ್ನು ನೋಡಿ, ಧೂಳು ಕುಡಿದು ಬೆಳೆದ ನಮಗೆ ಇದೆಲ್ಲ ಯಾವ ಲೆಕ್ಕ ಎಂದು ಬೀಗುತ್ತಿದ್ದೆ. ಮೂರನೆಯ ಏಪ್ರಿಲ್‌ನಲ್ಲಿ, ಸಭೆಯ ನಡುವೆ, ಒಂದರ ಹಿಂದೊಂದು ಹನ್ನೊಂದು ಸಲ ಸೀನಿದೆ. ಹೊಸ ಪರಾಗದ ಮೇಲೆ ಮುನಿಸಿಕೊಳ್ಳಲು ಮೈಗೂ ಕೆಲವು ವಸಂತಗಳು ಬೇಕು, ನಿಮ್ಮ ಮೈ ಈಗ ಇಲ್ಲಿಯದಾಗಿದೆ ಎಂದು ವೈದ್ಯರು ನಕ್ಕರು. ಆ ವರ್ಷ ಪೌರತ್ವಕ್ಕೆ ನಾನು ಅರ್ಜಿಯನ್ನೂ ಹಾಕಿರಲಿಲ್ಲ.

ನನ್ನ ಶತ್ರು ಬರ್ಚ್ ಮರ. ಬಿಳಿ ತೊಗಟೆಯ, ನೋಡಲು ಬಹಳ ಸಾಧು ಮರ. ಅದು ಕೆಣಕಿದ ಮೇಲೆ ಹಸಿ ಸೇಬು ಕಚ್ಚಿದರೂ ತುಟಿ, ನಾಲಿಗೆ ತುರಿಸತೊಡಗಿತು. ಅದೇ ಸೇಬನ್ನು ಬೇಯಿಸಿ ತಿಂದರೆ ಏನೂ ಇಲ್ಲ. ಎರಡರಲ್ಲೂ ಒಂದೇ ತರಹದ ಪ್ರೋಟೀನು ಇದ್ದು, ಸೇಬಿನದು ಶಾಖಕ್ಕೆ ಕೆಡುತ್ತದಂತೆ. ಮಾತ್ರೆ ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಆದರೆ ಶನಿವಾರವೇ ತಂದಿಟ್ಟುಕೊಳ್ಳಿ. ಭಾನುವಾರ ಸರದಿಯ ಮೇಲೆ ಎಲ್ಲೋ ಒಂದು ಅಂಗಡಿ ತೆರೆದಿರುತ್ತದೆ. ಅಲ್ಲಿ ಗಂಟೆ ಒತ್ತಿ, ಬಾಗಿಲಿನ ಪುಟ್ಟ ಕಿಂಡಿಯಲ್ಲಿ ನಿಮ್ಮ ಸೀನಿನ ವರದಿ ಒಪ್ಪಿಸಿ, ಔಷಧದ ಬೆಲೆಯ ಮೇಲೆ ಎರಡೂವರೆ ಯೂರೊ ಹೆಚ್ಚು ತೆರಬೇಕು. ರಾತ್ರಿ ತಲೆ ತೊಳೆದು ಮಲಗಿ, ಹೊರಗೆ ಉಟ್ಟ ಬಟ್ಟೆಯನ್ನು ಮಲಗುವ ಕೋಣೆಗೆ ತರಬೇಡಿ. ಊರೊಳಗೆ ಕಿಟಕಿ ತೆರೆಯುವುದಿದ್ದರೆ ಬೆಳಗಿನ ಹೊತ್ತು ಮೇಲು.

ಬೆಳಗಿನ ಹೊತ್ತು ಕಿಟಕಿ ತೆರೆದರೆ ಆಮ್ಸೆಲ್ ಕಾಯುತ್ತಿರುತ್ತದೆ. ಹಳದಿ ಕೊಕ್ಕಿನ ಕರಿ ಹಕ್ಕಿ, ನಿಮ್ಮ ಚಾವಣಿಯ ತುದಿಯಲ್ಲೇ ಕುಳಿತು ಸೂರ್ಯ ಹುಟ್ಟುವ ಮೊದಲೇ ಹಾಡು ಶುರುಮಾಡುತ್ತದೆ. ಎಂಥ ಕಂಠ! ಮೇ ತಿಂಗಳಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಅದೇ ಕಂಠವನ್ನು ಕೇಳಿ ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತೀರಿ.

ಮಾರುಕಟ್ಟೆಗೆ ಈಗ ಬೇರ್‌ಲೌಖ್ ಬಂದಿರುತ್ತದೆ, ಬೆಳ್ಳುಳ್ಳಿಯ ಘಮದ ಕಾಡುಸೊಪ್ಪು. ಕಾಡಿನಲ್ಲಿ ಒಂದು ಹಿಡಿ ಕಿತ್ತುಕೊಳ್ಳಲು ಅಡ್ಡಿಯಿಲ್ಲ, ಆದರೆ ಹೊಸಬರು ದಯವಿಟ್ಟು ಅಂಗಡಿಯದನ್ನೇ ಕೊಳ್ಳಿ. ಅದನ್ನೇ ಹೋಲುವ ಮೇ ಗಂಟೆಹೂವಿನ ಎಲೆ ವಿಷ. ಮೂಸಿದರೆ ಗೊತ್ತಾಗುತ್ತದೆ ಎನ್ನುತ್ತಾರೆ. ನಾಲ್ಕು ಎಲೆ ಕಿತ್ತ ಮೇಲೆ ಬೆರಳೇ ಬೆಳ್ಳುಳ್ಳಿ ನಾರುತ್ತಿರುತ್ತದೆ, ಐದನೆಯದನ್ನು ಮೂಸಿ ಏನು ಉಪಯೋಗ? ಕಾಡಿಗೆ ಹೋದ ದಿನ ಮೊಣಕಾಲ ಹಿಂದೆ, ಕಂಕುಳಲ್ಲಿ ಉಣ್ಣೆ ಹುಳ ಕಚ್ಚಿದೆಯೇ ನೋಡಿಕೊಳ್ಳಿ. ಈ ರಾಜ್ಯದ ಬಹುಪಾಲು ಉಣ್ಣೆಯಿಂದ ಬರುವ ಮಿದುಳಿನ ಜ್ವರದ ಅಪಾಯದ ಪ್ರದೇಶ. ಅದಕ್ಕೆ ಮೂರು ಸುತ್ತಿನ ಲಸಿಕೆ ಇದೆ, ನಿಮ್ಮ ವೈದ್ಯರನ್ನು ಕೇಳಿ.

ಬಾಲ್ಕನಿ ಇದೆ, ಏನಾದರೂ ನೆಡಬೇಕು ಎಂದಿದ್ದೀರಿ. ನಿಧಾನಿಸಿ. ಒಂದು ವರ್ಷ ಏಪ್ರಿಲ್ ಕೊನೆಯಲ್ಲಿ 25 ಡಿಗ್ರಿ ಬಿಸಿಲು ಕಂಡು ಆರು ಟೊಮೆಟೊ ಸಸಿ ತಂದು ಕುಂಡಗಳಲ್ಲಿ ನೆಟ್ಟೆ. ಕೆಳಗಿನ ಮನೆಯ ಮುದುಕರು ಐದು ತಿಂಗಳಿನಿಂದ ನನ್ನನ್ನು ಕಂಡರೆ ತಲೆ ಆಡಿಸುವುದಷ್ಟನ್ನೇ ಮಾಡುತ್ತಿದ್ದವರು. ಅಂದು ಕತ್ತೆತ್ತಿ ಕುಂಡಗಳನ್ನು ನೋಡಿ, ‘ಸೋಫಿ ಹೋಗುವವರೆಗೆ ಕಾಯಬೇಕಿತ್ತು’ ಎಂದರು. ಸೋಫಿ ಅವರ ಮೊಮ್ಮಗಳಿರಬೇಕು, ಗಿಡ ಕೀಳುವ ತುಂಟಿ ಎಂದುಕೊಂಡೆ. ಮೇ 13ರ ರಾತ್ರಿ ಹಿಮ ಬಿತ್ತು. ಬೆಳಿಗ್ಗೆ ಆರೂ ಸಸಿಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಕುಂಡದ ಅಂಚಿಗೆ ಜೋತುಬಿದ್ದಿದ್ದವು. ಮೇ 11ರಿಂದ 15ರವರೆಗಿನ ಐದು ದಿನಗಳಿಗೆ ಇಲ್ಲಿ ‘ಹಿಮದ ಸಂತರು’ ಎಂದು ಹೆಸರು, ಕೊನೆಯವಳು ‘ತಣ್ಣನೆಯ ಸೋಫಿ’. ಅವಳು ಹೊರಟ ಮೇಲೆಯೇ ಗಿಡ ಹೊರಗಿಡುವುದು. ಹದಿನಾರನೆಯ ತಾರೀಕು ಮುದುಕರು ತಮ್ಮ ಕಿಟಕಿಯಲ್ಲಿ ಬೆಳೆಸಿದ್ದ ಎರಡು ಸಸಿಗಳನ್ನು ಮೊಸರಿನ ಡಬ್ಬಿಯಲ್ಲಿ ಇಟ್ಟುಕೊಂಡು ಬಂದು ಬಾಗಿಲು ತಟ್ಟಿದರು. ಹೇಳಿದ್ದೆನಲ್ಲ ಎಂದು ಒಂದೇ ಒಂದು ಸಲವೂ ಅನ್ನಲಿಲ್ಲ. ಮುಖದಲ್ಲಿ ಮಾತ್ರ ಅದೇ ಬರೆದಿತ್ತು.

ಈಸ್ಟರ್‌ಗೆ ಶುಕ್ರವಾರ, ಭಾನುವಾರ, ಸೋಮವಾರ ಅಂಗಡಿಗಳು ಮುಚ್ಚಿರುತ್ತವೆ. ನಡುವಿನ ಶನಿವಾರ ಊರಿಗೆ ಊರೇ ಹಾಲು, ಬ್ರೆಡ್ಡಿಗೆ ಮುಗಿಬೀಳುತ್ತದೆ, ನೀವು ಗುರುವಾರವೇ ತಂದುಬಿಡಿ. ಭಾನುವಾರ ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ. ಈ ಕಾನೂನು ನನಗೆ ಬಹಳ ಇಷ್ಟ. ಶನಿವಾರ ಮಧ್ಯಾಹ್ನ ನಾಲ್ಕೂ ದಿಕ್ಕಿನಿಂದ ಒಟ್ಟಿಗೇ ಶುರುವಾಗುವ ಸದ್ದು ಅದರ ದಂಡ.

ಎಲ್ಲೆಲ್ಲೂ ಹೂ ಅರಳಿರುವಾಗ ನಿಮಗೆ ಮಾತ್ರ ನಿದ್ದೆ ತೂಗುತ್ತಿದೆ, ಏನೋ ಆಗಿದೆ ಎಂದು ಗಾಬರಿಯಾಗಬೇಡಿ. ಜರ್ಮನ್‌ನಲ್ಲಿ ವಸಂತದ ಸುಸ್ತಿಗೆಂದೇ ಒಂದು ಪದವಿದೆ, ಬಸ್ಸಿಗಿಂತ ಉದ್ದದ್ದು: ಫ್ರ್ಯೂಯಾರ್ಸ್‌ಮ್ಯೂಡಿಶ್‌ಕೈಟ್. ಕಚೇರಿಯಲ್ಲಿ ಅದನ್ನು ಹೇಳಿ ಆಕಳಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಈ ಶನಿವಾರ ಒಳ್ಳೆಯ ಬಿಸಿಲಿದೆಯಂತೆ. ಚಳಿಗಾಲದ ಹೊದಿಕೆಗಳನ್ನೆಲ್ಲ ಒಗೆದು ಬಾಲ್ಕನಿಯಲ್ಲಿ ಒಣಹಾಕುವ ಯೋಚನೆ ನಿಮಗೂ ಬಂದಿರಬಹುದು. ಬೇಡ, ಒಳಗೇ ಹಾಕಿ. ಬರ್ಚ್ ಮೂರಕ್ಕೆ ಮುಟ್ಟಿದೆ.